ಒಂದೇ ಬಯಲಲ್ಲಿ ಎರಡು ಸಲ

ಹೊಸದಾಗಿ ಕಟ್ಟಿದ ಹಾಲಿನ ಡೇರಿಯ ಗೋಡೆಗೆ ಊರಿನ ಬಯಲಿನ ಚಿತ್ರ ಬೇಕೆಂದು ಡೇರಿ ಅಧ್ಯಕ್ಷರು ನನ್ನ ಸ್ಟುಡಿಯೋಗೆ ಬಂದಾಗ ನಾನು ಮದುವೆ ಆಲ್ಬಮ್ಮಿಗೆ ಫೋಟೊ ಅಂಟಿಸುತ್ತ ಕೂತಿದ್ದೆ. ಅದು ತೊಂಬತ್ತರ ದಶಕದ ನಡುಭಾಗ. ಪಾಂಡವಪುರದಲ್ಲಿ ಅಪ್ಪನ ಚಿನ್ನಬೆಳ್ಳಿ ಕೆಲಸದ ಅಂಗಡಿಗೆ ನಡುವೆ ಹಲಗೆ ಹೊಡೆಸಿ ಎರಡು ಮಾಡಿದ್ದೆವು. ಹಿಂದಿನ ಅರ್ಧದಲ್ಲಿ ನನ್ನ ಸ್ಟುಡಿಯೋ, ಅದರೊಳಗೊಂದು ಡಾರ್ಕ್‌ರೂಮು. ಅಧ್ಯಕ್ಷರ ಊರು ಚಿನಕುರಳಿಯಿಂದ ಸ್ವಲ್ಪ ಆಚೆ.

“ಒಬ್ಬೊಬ್ರ ಗದ್ದೆ ಅಲ್ಲ ಆಚಾರ್ರೇ, ಬಯ್ಲು ಪೂರ್ತಿ ಬರ್ಬೇಕು,” ಅಂದರು. “ಈ ಕಡೀಕೆ ಕೆರೆ, ಆ ಕಡೀಕೆ ನಾಲೆ. ಹಾಲಾಕಕ್ಕೆ ಬಂದೋರು ಗೋಡೆ ನೋಡಿ ಇದು ನನ್ ಗದ್ದೆ, ಅದು ನಿನ್ ಗದ್ದೆ ಅನ್ಬೇಕು. ಆಯ್ತದಾ?”

ಆಗುತ್ತದೆ ಅಂದೆ. ಅಷ್ಟು ಅಗಲದ ನೋಟವನ್ನು ಒಂದೇ ಸಲಕ್ಕೆ ಹಿಡಿಯುವ ಕ್ಯಾಮೆರಾ ನನ್ನ ಹತ್ತಿರ ಇರಲಿಲ್ಲ. ಆದರೆ ಶ್ರೀರಂಗಪಟ್ಟಣದಲ್ಲಿ ನನಗೆ ಕೆಲಸ ಕಲಿಸಿದ ಗುರುಗಳ ಸ್ಟುಡಿಯೋದಲ್ಲಿ ಹೊಳೆಯ ಒಂದು ಉದ್ದನೆಯ ಚಿತ್ರವಿತ್ತು. ಸ್ಟ್ಯಾಂಡಿನ ಮೇಲೆ ಕ್ಯಾಮೆರಾವನ್ನು ಎಡದಿಂದ ಬಲಕ್ಕೆ ಸ್ವಲ್ಪಸ್ವಲ್ಪವೇ ತಿರುಗಿಸುತ್ತ ತುಂಡುತುಂಡಾಗಿ ತೆಗೆದು, ಪ್ರಿಂಟುಗಳನ್ನು ಕತ್ತರಿಸಿ ಜೋಡಿಸಿದ್ದು. ಒಂದು ತುಂಡಿನ ಮೂರರಲ್ಲೊಂದು ಭಾಗ ಪಕ್ಕದ ತುಂಡಿನಲ್ಲೂ ಮತ್ತೆ ಬಂದಿರಬೇಕು, ಇಲ್ಲದಿದ್ದರೆ ಜೋಡಿಸಲು ಹಿಡಿತ ಸಿಗುವುದಿಲ್ಲ. ನನಗೆ ಗೊತ್ತಿದ್ದುದು ಅಷ್ಟೇ. ನನ್ನ ಜಂಬಕ್ಕೆ ಅಷ್ಟೇ ಸಾಕಾಯಿತು. ಇಡೀ ತಾಲ್ಲೂಕಿನಲ್ಲಿ ಇಂಥ ಕೆಲಸ ಮಾಡುವವನು ಬೇರೆ ಯಾರೂ ಇಲ್ಲ ಎಂದು ಅಧ್ಯಕ್ಷರ ಮುಂದೆ ಸೇರಿಸಿಯೂ ಬಿಟ್ಟೆ.

ಊರಿನ ಮಗ್ಗುಲಲ್ಲಿ ಒಂದು ಕಲ್ಲುಗುಡ್ಡವಿದೆ. ಅದರ ಬೆನ್ನಿನ ಕಡೆ ಜಲ್ಲಿಗಾಗಿ ಬಂಡೆ ಒಡೆಯುತ್ತಿದ್ದರು. ಮುಂದಿನ ಕಡೆಯ ಹಾಸುಬಂಡೆಯ ಮೇಲೆ ನಿಂತರೆ ಬಯಲು ಪೂರ್ತಿ ಕಣ್ಣ ಕೆಳಗೆ ಹರಡಿಕೊಳ್ಳುತ್ತಿತ್ತು. ನಾಟಿ ಮುಗಿದ ಹೊಸತು, ಗದ್ದೆಗಳಲ್ಲಿ ನೀರು ನಿಂತು ಹೊಳೆಯುತ್ತಿತ್ತು. ಮೊದಲ ಸಲ ಸ್ಟ್ಯಾಂಡನ್ನು ಬಂಡೆಯ ಮೇಲೆ ಊರಿ, ಕಣ್ಣಳತೆಯಲ್ಲೇ ಸಮ ಮಾಡಿ ತೆಗೆದುಕೊಂಡು ಬಂದೆ. ಪ್ರಿಂಟು ಹಾಕಿ, ಜೋಡಿಸಿ, ಉದ್ದಕ್ಕೆ ಸುರುಳಿ ಸುತ್ತಿ ಬಸ್ಸು ಹತ್ತಿ ಶ್ರೀರಂಗಪಟ್ಟಣಕ್ಕೆ ಹೋದೆ. ಗುರುಗಳು ಹೊಗಳುತ್ತಾರೆ ಎಂಬ ನಂಬಿಕೆ ನನಗೆ ಪೂರ್ತಿ ಇತ್ತು.

ಅವರು ಸುರುಳಿ ಬಿಚ್ಚಿ, ಚಿತ್ರವನ್ನು ತಲೆಕೆಳಗಾಗಿ ಗೋಡೆಗೆ ಒರಗಿಸಿದರು. ಅದು ಅವರ ಪದ್ಧತಿ. ತಲೆಕೆಳಗು ಮಾಡಿದರೆ ಮರ, ಮನೆ, ಮನುಷ್ಯ ಎಂಬ ಹೆಸರುಗಳು ಕಣ್ಣಿಂದ ಅಳಿಸಿಹೋಗಿ, ಕಪ್ಪು ಎಷ್ಟು ಬಿಳುಪು ಎಷ್ಟು ಎಂಬುದಷ್ಟೇ ಉಳಿಯುತ್ತದೆ ಎನ್ನುತ್ತಿದ್ದರು.

“ಊರು ಸಮವಾಗೈತೆ ಕಣಯ್ಯ, ನಿನ್ನ ಸ್ಟ್ಯಾಂಡು ಸಮ ಇಲ್ಲ,” ಅಂದರು. “ದಿಗಂತ ನೋಡು, ಮೂಟೆ ಹೊತ್ತ ಕಾವಡಿ ಥರ ಬಗ್ಗೈತೆ. ಆಕಾಶದಲ್ಲಿ ಪಟ್ಟೆ ಪಟ್ಟೆ. ಒಂದು ಪ್ರಿಂಟು ಬೆಳಗಿನದು, ಒಂದು ಸಂಜೇದು ಅನ್ನೋ ಹಂಗೆ. ಜೋಡಿಸಿದ ಜಾಗ ಕುರುಡನಿಗೂ ಗೊತ್ತಾಯ್ತದೆ.”

ಅವರ ಸ್ಟುಡಿಯೋದಲ್ಲಿ ಆಗ ಗಿರಾಕಿಗಳು ಇದ್ದರು. ಸುರುಳಿ ಸುತ್ತಿಕೊಂಡು ಬಂದೆ. ವಾಪಸ್ ಬರುವ ಬಸ್ಸಿನಲ್ಲಿ ಅದನ್ನು ಕಾಲ ಕೆಳಗೆ ಇಟ್ಟುಕೊಂಡಿದ್ದೆ, ಯಾರೂ ಕೇಳದಿರಲಿ ಎಂದು.

ಎರಡನೆಯ ಸಲ ಗಾರೆ ಕೆಲಸದವರೊಬ್ಬರ ಹತ್ತಿರ ರಸಮಟ್ಟ ಕೇಳಿ ತಂದು, ಗುಳ್ಳೆ ಗೆರೆಯ ನಡುವೆ ನಿಲ್ಲುವವರೆಗೂ ಸ್ಟ್ಯಾಂಡಿನ ಕಾಲಡಿಗೆ ಜಲ್ಲಿ ಚೂರು ಕೊಟ್ಟೆ. ಕ್ಯಾಮೆರಾವನ್ನು ಉದ್ದುದ್ದಕ್ಕೆ ನಿಲ್ಲಿಸಿ, ಎಲ್ಲಾ ತುಂಡಿಗೂ ಒಂದೇ ಬೆಳಕಿನ ಲೆಕ್ಕ ಎಂದು ತೀರ್ಮಾನಿಸಿ, ಕೆರೆಯ ಕಡೆಯಿಂದ ಶುರು ಮಾಡಿದೆ. ನಾಲ್ಕು ತುಂಡು ಮುಗಿಯುವಷ್ಟರಲ್ಲಿ ಗುಡ್ಡದ ಹಿಂದಿನಿಂದ ಶಿಳ್ಳೆ ಕೇಳಿತು. ಕೆಂಪು ಬಟ್ಟೆ ಹಿಡಿದವನೊಬ್ಬ ಬಂಡೆ ಏರಿ ಬಂದು ಕೂಗಿದ.

“ಸ್ವಾಮಿ, ಮದ್ದು ಅಚ್ತಾವ್ರೆ. ಈ ಕಡೀಕ್ ಬಂದ್ಬುಡಿ.”

ಕ್ಯಾಮೆರಾವನ್ನು ಬಿಗಿದು ನಿಲ್ಲಿಸಿದ ಹಾಗೆಯೇ ಸ್ಟ್ಯಾಂಡಿನ ಮೇಲೆ ಬಿಟ್ಟು, ಅವನ ಜೊತೆ ಬಂಡೆಯ ಮರೆಗೆ ಹೋಗಿ ಕೂತೆ. ಬಂಡೆ ಸಿಡಿಯಿತು. ಎದ್ದ ಧೂಳು ಬಯಲಿನ ಮೇಲೆ ತೇಲಿಕೊಂಡು ಹೋಗಿ ಕರಗುವುದಕ್ಕೆ ಬಹಳ ಹೊತ್ತು ಹಿಡಿಯಿತು. ನ್ಯಾಯವಾಗಿ ನಾನು ಮತ್ತೆ ಮೊದಲಿಂದ ತೆಗೆಯಬೇಕಿತ್ತು. ಆದರೆ ಮೋಡ ಕವಿಯುತ್ತಿತ್ತು, ರೋಲಿನಲ್ಲಿ ಮತ್ತೊಂದು ಸುತ್ತಿಗೆ ಸಾಕಾಗುವಷ್ಟು ಫಿಲಂ ಇರಲಿಲ್ಲ. ಸ್ಟ್ಯಾಂಡು ಅಲುಗಿಲ್ಲವಲ್ಲ, ಬಯಲು ಎಲ್ಲಿಗೆ ಹೋಗುತ್ತದೆ ಎಂದುಕೊಂಡು ಐದನೆಯ ತುಂಡಿನಿಂದ ಮುಂದುವರಿಸಿ ನಾಲೆಯವರೆಗೆ ಮುಗಿಸಿದೆ.

ಧೂಳಿಗೆ ಮುಂಚಿನ ನೆಗೆಟಿವುಗಳು ಗರಿಗರಿಯಾಗಿದ್ದವು, ಧೂಳಿನ ನಂತರದವು ಸಪ್ಪೆ. ಅವೆರಡನ್ನೂ ಒಂದೇ ಬಣ್ಣಕ್ಕೆ ತರುವುದರಲ್ಲಿ ನನ್ನ ಬುದ್ಧಿಯೆಲ್ಲ ಹೋಯಿತು. ಸಪ್ಪೆ ನೆಗೆಟಿವಿಗೆ ಕಪ್ಪುಬಿಳುಪನ್ನು ಎತ್ತಿ ತೋರಿಸುವ ಗಡುಸು ಕಾಗದ, ಗರಿಗರಿಯಾದದ್ದಕ್ಕೆ ಅದನ್ನು ತಗ್ಗಿಸುವ ಮೆದು ಕಾಗದ. ನೆಗೆಟಿವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಎನ್‌ಲಾರ್ಜರಿನ ಬೆಳಕಿನ ಕೆಳಗೆ ಅಂಗೈ ಅಡ್ಡ ಹಿಡಿದು ಗದ್ದೆಯ ಭಾಗವನ್ನು ಕಾಪಾಡಿಕೊಂಡು ಆಕಾಶಕ್ಕಷ್ಟೇ ಹೆಚ್ಚು ಬೆಳಕು ಕೊಡಬೇಕು. ಕೈ ಒಂದಿಷ್ಟು ತಡೆದರೆ ಮೋಡ ಮಸಿಯಾಗುತ್ತದೆ. ಚಿತ್ರ ಮೂಡಿಸುವ ದ್ರಾವಣ, ಡೆವಲಪರು, ಬೆಚ್ಚಗಾದರೆ ಒಂದು ಬಣ್ಣ, ತಣ್ಣಗಾದರೆ ಒಂದು ಬಣ್ಣ. ಮಾಡಿದ ಪ್ರಿಂಟುಗಳಲ್ಲಿ ಬಹುಪಾಲು ಕಸಕ್ಕೆ ಹೋದವು. ಒಪ್ಪಿಗೆಯಾದವನ್ನು ಜೋಡಿಸುವಾಗ ನೇರ ಗೆರೆಯಲ್ಲಿ ಕತ್ತರಿಸಲಿಲ್ಲ. ಬದುವಿನ ಗುಂಟ, ತೆಂಗಿನ ಮರದ ಗುಂಟ ಬ್ಲೇಡು ಓಡಿಸಿದೆ. ಅಂಚನ್ನು ಹಿಂದಿನಿಂದ ಉಪ್ಪುಕಾಗದದಲ್ಲಿ ಉಜ್ಜಿ ತೆಳ್ಳಗೆ ಮಾಡಿ ಅಂಟಿಸಿದೆ. ನಾಲ್ಕನೆಯ ತುಂಡಿಗೂ ಐದನೆಯದಕ್ಕೂ ನಡುವೆ ಒಂದು ಗದ್ದೆಯ ಬದು ಚೆನ್ನಾಗಿ ಸಿಕ್ಕಿತ್ತು. ಅದರ ಈಚೆಯದು ನಾಲ್ಕರಿಂದ, ಬದು ಮತ್ತು ಅದರ ಆಚೆಯದು ಐದರಿಂದ. ಬೆರಳಾಡಿಸಿದರೂ ಜೋಡಣೆ ತಿಳಿಯುತ್ತಿರಲಿಲ್ಲ.

ಗುರುಗಳು ಮತ್ತೆ ತಲೆಕೆಳಗಾಗಿ ಒರಗಿಸಿ ನೋಡಿದರು. ಈ ಸಲ ಬಹಳ ಹೊತ್ತು ನೋಡಿದರು.

“ನಾಲೆ ಕಡೆ ಇನ್ನೊಂದು ಚೂರು ಮಂಕೈತೆ. ಇರ್ಲಿ, ದೂರ ಅನ್ನಿಸ್ತದೆ,” ಅಂದರು. “ಆಕಾಶ ಒಂದೇ ಆಕಾಶ ಆಯ್ತು. ಇದನ್ನ ನೀನು ಮಾಡ್ದೆ ಅಂದ್ರೆ ನಂಬ್ತೀನಿ.”

ಆ ಮಾತನ್ನು ಬಾಯಲ್ಲಿಟ್ಟುಕೊಂಡು ಚೀಪುತ್ತ ಊರಿಗೆ ಬಂದೆ.

ಡೇರಿ ಕಟ್ಟಡದ ಪೂಜೆಯ ದಿನ ಚಿತ್ರ ಗೋಡೆ ಏರಿತು. ಗುರುಗಳನ್ನೂ ಕರೆಸಿದ್ದೆ, ಅವರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ. ಪರದೆ ಸರಿಸಿದ ಮೇಲೆ ಜನ ಗೋಡೆಗೆ ಮುತ್ತಿಕೊಂಡರು. ನಮ್ಮ ಹಿತ್ತಲು, ನಮ್ಮ ಹುಣಸೆಮರ, ನಮ್ಮ ಗದ್ದೆ ಎಂದು ಬೆರಳು ಊರಿ ಊರಿ ಗಾಜಿನ ಮೇಲೆಲ್ಲ ಗುರುತು. ನಾನು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದೆ. ಆಗ ಒಬ್ಬ ನಕ್ಕ.

“ಲೇ, ಇಲ್ ನೋಡ್ಲಾ. ದೊಡ್ಡಗೌಡ್ರು ಇಬ್ಬರವ್ರೆ.”

ದೊಡ್ಡಗೌಡರು ಎಂದರೆ ಆ ಊರಿನ ಒಬ್ಬ ಸಾಧಾರಣ ರೈತರು. ಒಡಹುಟ್ಟಿದವರಲ್ಲಿ ದೊಡ್ಡವರಾದ್ದರಿಂದ ಆ ಹೆಸರು. ಮಳೆಗಾಲದಲ್ಲಿ ಅವರು ಕೊಡೆಯನ್ನು ಅಂಗಿಯ ಕತ್ತುಪಟ್ಟಿಗೆ ಸಿಕ್ಕಿಸಿ ಬೆನ್ನ ಮೇಲೆ ನೇತುಬಿಟ್ಟುಕೊಂಡೇ ಗದ್ದೆಯಲ್ಲಿ ಓಡಾಡುತ್ತಿದ್ದರು. ಚಿತ್ರದಲ್ಲಿ ಅವರು ಭತ್ತದ ಕಾಳಿನಷ್ಟಿದ್ದರು. ಆದರೂ ಬೆನ್ನ ಮೇಲಿನ ಆ ಕರಿ ಗೆರೆಯಿಂದ ಯಾರಿಗಾದರೂ ಗುರುತು ಸಿಗುತ್ತಿತ್ತು. ನಾಲ್ಕನೆಯ ತುಂಡಿನಲ್ಲಿ ತಮ್ಮ ಗದ್ದೆಯಲ್ಲಿ ನಿಂತಿದ್ದರು. ಜೋಡಣೆ ದಾಟಿದರೆ ಐದನೆಯ ತುಂಡಿನಲ್ಲಿ ಮತ್ತೆ ಅವರೇ, ಗುದ್ದಲಿ ಹಿಡಿದು ಬದುವಿನ ಮೇಲೆ ಬಗ್ಗಿದ್ದರು.

ಜನ ನಕ್ಕರು. ಇಬ್ಬರು ಗೌಡರಿಗೆ ಒಂದೇ ಕ್ಯಾನಾ ಎಂದು ಡೇರಿ ಸೆಕ್ರೆಟರಿ ತಮಾಷೆ ಮಾಡಿದರು. ಹಿಂದೆ ನಿಂತಿದ್ದ ದೊಡ್ಡಗೌಡರೂ ನಾಚಿಕೊಂಡು ನಕ್ಕರು. ನಗಲಾರದೆ ಹೋದವನು ನಾನೊಬ್ಬನೇ. ಆಕಾಶ ಸರಿಮಾಡುವ ಗುಂಗಿನಲ್ಲಿ ನೆಲದ ಮೇಲಿದ್ದ ಮನುಷ್ಯನನ್ನು ನಾನು ನೋಡಿಯೇ ಇರಲಿಲ್ಲ. ಜೋಡಿಸಿದ ಚಿತ್ರದಲ್ಲಿ ಇದು ಕಲಿಯುವವರು ಮಾಡುವ ತಪ್ಪು. ಗುರುಗಳು ಕುರ್ಚಿಯಿಂದ ಎದ್ದು ಬಂದು ಕನ್ನಡಕ ಏರಿಸಿ ನೋಡುತ್ತಿದ್ದರು.

ಆ ಹೊತ್ತಿನಲ್ಲಿ ಸುಮ್ಮನಿದ್ದಿದ್ದರೆ ನಗೆ ನಗೆಯಾಗಿಯೇ ಮುಗಿದುಹೋಗುತ್ತಿತ್ತು. ನಾನು ಸುಮ್ಮನಿರಲಿಲ್ಲ. ಮೂಲೆಯಲ್ಲಿದ್ದ ಕೋಲು ತೆಗೆದುಕೊಂಡೆ.

“ಇದು ಪ್ರಿಂಟಿನ ತಪ್ಪಲ್ಲ. ಕ್ಯಾಮೆರಾ ಸುಳ್ಳು ಹೇಳೋದಿಲ್ಲ,” ಅಂದೆ. “ಮೊದಲು ಗೌಡರು ಇಲ್ಲಿ ನಿಂತಿದ್ದರು, ತೆಗೆದೆ. ಆಮೇಲೆ ಬಂಡೆ ಸಿಡಿಸುತ್ತೇವೆ ಅಂತ ನನ್ನನ್ನು ತಡೆದರು. ಅಷ್ಟು ಹೊತ್ತಿನಲ್ಲಿ ಗೌಡರು ಇಲ್ಲಿಂದ ನಡೆದು ಇಲ್ಲಿಗೆ ಹೋಗಿದ್ದಾರೆ. ಮತ್ತೆ ತೆಗೆದಾಗ ಇಲ್ಲಿದ್ದರು. ಇದ್ದದ್ದು ಇದ್ದ ಹಾಗೇ ಬಂದಿದೆ.”

ನಗು ನಿಂತಿತು. ನನ್ನ ವಿವರಣೆಗೆ ಜನ ತಲೆದೂಗಿದರು ಎಂದುಕೊಂಡೆ. ಮೀಸೆಯ ಹಿರಿಯರೊಬ್ಬರು ಮುಂದೆ ಬಂದು ಕೇಳಿದರು.

“ಯಾವತ್ತು ತೆಗ್ದಿದ್ದು ಇದು?”

ದಿನ ಹೇಳಿದೆ.

“ಬದಿನ್ ಮ್ಯಾಲೆ ಗುದ್ಲಿ ಇಡ್ಕಂಡು ಬಗ್ಗಿರೋದು ಅವ್ರೇ ಅಂತೀರಾ?”

“ಅನುಮಾನವೇ ಇಲ್ಲ. ಬೇಕಾದರೆ ದೊಡ್ಡದು ಮಾಡಿ ತೋರಿಸುತ್ತೇನೆ,” ಅಂದೆ.

ಅವರು ತಿರುಗಿ ಜನರ ಕಡೆ ನೋಡಿ, “ಗೊಬ್ರುದ್ ನೀರು ಎತ್ಲಾಗ್ ಓಯ್ತು ಅಂತ ಈಗ ಗೊತ್ತಾಯ್ತಲ್ಲ,” ಅಂದರು.

ದೊಡ್ಡಗೌಡರ ಮುಖದಲ್ಲಿ ನಗುವಿನ ಆಕಾರ ಇನ್ನೂ ಇತ್ತು, ನಗು ಇರಲಿಲ್ಲ. ಹೆಂಗಸರ ಗುಂಪಿನಲ್ಲಿ ಒಬ್ಬಾಕೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹೊರಗೆ ಹೋದಳು. ಅವಳ ಹಿಂದೆಯೇ, ಬೇರೆ ಬಾಗಿಲಿನಿಂದ, ಗೌಡರೂ ಹೋದರು.

ಸಂಗತಿ ಏನೆಂದು ಅವತ್ತು ಸಾಯಂಕಾಲ ಸೆಕ್ರೆಟರಿ ಹೇಳಿದ ಮೇಲೆಯೇ ನನಗೆ ತಿಳಿದದ್ದು. ಬದುವಿನ ಆಚೆಯ ಗದ್ದೆ ದೊಡ್ಡಗೌಡರ ತಮ್ಮನದು. ಪಾಲಾಗುವಾಗ ಜಗಳವಾಗಿ, ಇನ್ನು ನಿನ್ನ ನೆಲ ತುಳಿಯುವುದಿಲ್ಲ ಎಂದು ಅಣ್ಣ ಹತ್ತು ಜನರ ಮುಂದೆ ಹೇಳಿ ಎದ್ದಿದ್ದರಂತೆ. ಆ ತಮ್ಮ ಲಾರಿ ಡ್ರೈವರು, ಊರಲ್ಲಿ ಇರುವುದೇ ಅಪರೂಪ. ಗದ್ದೆ ನೋಡಿಕೊಳ್ಳುವವಳು ಅವನ ಹೆಂಡತಿ. ಆಕೆಯ ಗದ್ದೆ ಒಂದು ಮೆಟ್ಟಿಲು ಮೇಲೆ, ಗೌಡರದು ಕೆಳಗೆ. ನಾನು ಚಿತ್ರ ತೆಗೆದ ಹಿಂದಿನ ದಿನ ಆಕೆ ಗೊಬ್ಬರ ಹಾಕಿದ್ದಳು. ಮಾರನೆಯ ದಿನ ಹೋಗಿ ನೋಡಿದರೆ ಗದ್ದೆಯಲ್ಲಿ ನೀರಿಲ್ಲ, ಗೊಬ್ಬರವೆಲ್ಲ ನೀರಿನ ಜೊತೆ ಹೋಗಿತ್ತು. ಯಾರೋ ಬದು ಕಡಿದು ಮತ್ತೆ ಮುಚ್ಚಿದ್ದಾರೆ ಎಂದು ಅವಳು ಊರೆಲ್ಲ ಹೇಳಿಕೊಂಡು ಅತ್ತಿದ್ದಳು. ಕಡಿದವರು ಯಾರು ಎಂಬುದು ಮಾತ್ರ ಗೊತ್ತಾಗಿರಲಿಲ್ಲ.

ನಾನು ಕೋಲು ಹಿಡಿದು ಸಾಕ್ಷಿ ಹೇಳಿದ್ದೆ. ಕಟಕಟೆಯಲ್ಲಿ ನಿಂತವನಿಗಾದರೂ ತಾನು ಹೇಳುತ್ತಿರುವುದು ಸಾಕ್ಷಿ ಎಂದು ಗೊತ್ತಿರುತ್ತದೆ. ನನ್ನ ಕೈಕೆಲಸದ ಮಾನ ಉಳಿಸಿಕೊಳ್ಳಲು ಒಬ್ಬ ಮನುಷ್ಯನ ಮಾನವನ್ನು ಮುಂದಕ್ಕೆ ತಳ್ಳಿದ್ದೆ.

ಮುಂದಿನ ವಾರ ಕೇಳಿಬಂದ ಸುದ್ದಿಗಳು ಒಂದಕ್ಕಿಂತ ಒಂದು ಕೆಟ್ಟವು. ದೊಡ್ಡಗೌಡರು ಡೇರಿಗೆ ಹಾಲು ತರುವುದನ್ನು ನಿಲ್ಲಿಸಿ ಪಕ್ಕದ ಊರಿಗೆ ಹೊತ್ತುಕೊಂಡು ಹೋಗುತ್ತಿದ್ದರು. ಅವರ ತಮ್ಮ ಲಾರಿ ಇಳಿದು ಊರಿಗೆ ಬಂದ ದಿನ ನ್ಯಾಯ ಸೇರಿಸುವುದೆಂದು ಮಾತಾಗಿತ್ತು. ಚಿತ್ರವೇ ಸಾಕ್ಷಿ ಎಂದು ಅಧ್ಯಕ್ಷರು ಹೇಳುತ್ತಿದ್ದರಂತೆ. ನನ್ನನ್ನೂ ಕರೆಯುತ್ತಾರಂತೆ.

ನಾನು ಡಾರ್ಕ್‌ರೂಮಿಗೆ ಹೋಗಿ ಕೂತೆ. ತಪ್ಪಿಸಿಕೊಳ್ಳಲು ಏನಾದರೂ ಸಿಗಬಹುದು ಎಂಬ ಆಸೆಯಿಂದಲೇ ಹೋದದ್ದು, ಸುಳ್ಳು ಹೇಳುವುದಿಲ್ಲ. ಐದನೆಯ ನೆಗೆಟಿವನ್ನು ಎನ್‌ಲಾರ್ಜರಿಗೆ ಹಾಕಿ, ಅದರ ತಲೆಯನ್ನು ಕೊನೆಯವರೆಗೂ ಮೇಲೇರಿಸಿ, ಆ ಬದುವಿನ ಭಾಗವನ್ನಷ್ಟೇ ದೊಡ್ಡದು ಮಾಡಿದೆ. ಹರಳುಹರಳಾಗಿ ಗೌಡರು ಬಂದರು. ಗುದ್ದಲಿ, ಬಗ್ಗಿದ ಬೆನ್ನು, ಕೊಡೆ. ಅವರೇ. ಅನುಮಾನಕ್ಕೆ ಜಾಗವಿಲ್ಲ.

ಆಮೇಲೆ ನಾಲ್ಕನೆಯದನ್ನು ಹಾಕಿದೆ. ಅದರ ಬಲ ಅಂಚಿನಲ್ಲಿ ಅದೇ ಬದು, ಅದೇ ತಮ್ಮನ ಗದ್ದೆ ಇನ್ನೊಮ್ಮೆ ಇತ್ತು. ಎರಡು ತುಂಡಿನಲ್ಲೂ ಬಂದಿದ್ದ ಭಾಗವದು. ಜೋಡಿಸುವಾಗ ಅದನ್ನು ನಾಲ್ಕರಿಂದ ಕತ್ತರಿಸಿ ಬಿಸಾಡಿದ್ದೆ. ಅದನ್ನೂ ಅಷ್ಟೇ ದೊಡ್ಡದು ಮಾಡಿ ಡೆವಲಪರಿನಲ್ಲಿ ಬಿಟ್ಟೆ. ಕೆಂಪು ದೀಪದ ಕೆಳಗೆ ಮೊದಲು ಬದು ಬಂತು. ಆಮೇಲೆ ಬದುವಿನ ನಡುವೆ ಒಂದು ಬಿಳಿಯ ಎಳೆ ಹಾಗೆಯೇ ಉಳಿಯಿತು. ಗೀರು ಇರಬೇಕೆಂದು ಇನ್ನೊಂದು ಪ್ರಿಂಟು ಮಾಡಿದೆ. ಅದು ಗೀರಲ್ಲ, ನೀರು. ಬದು ತೂತಾಗಿ ಮೇಲಿನ ಗದ್ದೆಯಿಂದ ಕೆಳಗಿನದಕ್ಕೆ ನೀರು ಸುರಿಯುತ್ತಿತ್ತು. ಆ ಹೊತ್ತಿಗೆ ಗೌಡರು ತಮ್ಮ ಗದ್ದೆಯ ಇನ್ನೊಂದು ತುದಿಯಲ್ಲಿ, ಅದಕ್ಕೆ ಬೆನ್ನು ಮಾಡಿ ನಿಂತಿದ್ದರು.

ಎರಡೂ ಪ್ರಿಂಟುಗಳನ್ನು ಪಕ್ಕಪಕ್ಕ ಇಟ್ಟೆ. ಐದರಲ್ಲಿ ಆ ಬಿಳಿ ಎಳೆ ಇರಲಿಲ್ಲ. ಅದಿದ್ದ ಜಾಗದಲ್ಲಿ ಹಸಿ ಮಣ್ಣಿನ ಕಪ್ಪು. ಗೌಡರ ಗುದ್ದಲಿ ಇದ್ದದ್ದು ಆ ಕಪ್ಪಿನ ಮೇಲೆ.

ಅವರು ಬದು ಕಡಿಯುತ್ತಿರಲಿಲ್ಲ, ಕಟ್ಟುತ್ತಿದ್ದರು.

ಪ್ರಿಂಟುಗಳು ಪೂರ್ತಿ ಒಣಗುವುದಕ್ಕೂ ಕಾಯದೆ ಸೈಕಲ್ಲಿನಲ್ಲಿ ಹೊರಟೆ. ದಾರಿಯುದ್ದಕ್ಕೂ ನನ್ನ ಮನಸ್ಸು ಹಗುರವಾಗಿತ್ತು ಎಂದು ನೆನೆದರೆ ಈಗಲೂ ಹೇಸಿಗೆಯಾಗುತ್ತದೆ. ಗೌಡರನ್ನು ಉಳಿಸುತ್ತಿದ್ದೇನೆ ಎಂಬ ಸಂತೋಷಕ್ಕಿಂತ, ನನ್ನ ಕ್ಯಾಮೆರಾದಿಂದಲೇ ಸತ್ಯ ಹೊರಬಂತು ಎಂಬ ಹೆಮ್ಮೆಯೇ ಹೆಚ್ಚಿತ್ತು.

ದೊಡ್ಡಗೌಡರು ಕೊಟ್ಟಿಗೆಯ ಮುಂದೆ ಹುಲ್ಲು ಬಿಡಿಸುತ್ತಿದ್ದರು. ನನ್ನನ್ನು ನೋಡಿ ಏಳಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಎರಡು ಪ್ರಿಂಟುಗಳನ್ನು ಅವರ ಮುಂದೆ ಹಿಡಿದು ವಿವರಿಸಿದೆ. ಅವರು ಕೈ ಒರೆಸಿಕೊಂಡು ಒಂದನ್ನು ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು.

“ಏಡಿ ಬಿಲ,” ಅಂದರು. “ರಾತ್ರಿಯಿಂದ್ಲೇ ಸೋರಿರ್ಬೇಕು. ನಾನ್ ನೋಡೋ ಒತ್ಗೆ ಗೊಬ್ರ ಓಗಿತ್ತು.”

“ನ್ಯಾಯದಲ್ಲಿ ಇದನ್ನೇ ತೋರಿಸುತ್ತೇನೆ ಗೌಡರೇ. ನಿಮ್ಮ ಮೇಲಿನ ಮಾತು ಅಲ್ಲಿಗೆ ಅಳಿಸಿಹೋಗುತ್ತದೆ.”

ಅವರು ಪ್ರಿಂಟನ್ನು ಹುಲ್ಲಿನ ಮೇಲೆ ಮುಖ ಕೆಳಗೆ ಮಾಡಿ ಇಟ್ಟರು.

“ತೋರುಸ್ಬ್ಯಾಡಿ ಆಚಾರ್ರೇ.”

“ಯಾಕೆ?”

“ನೆಲ ತುಳಿಯಾಕಿಲ್ಲ ಅಂದೋನು ಯಾಕೋದೆ ಅಂತ ಕೇಳ್ತಾರೆ. ಅದ್ ಸೋರ್ತಿತ್ತು, ಕಟ್ದೆ ಅಂತೀನಿ. ಇನ್ನೆಷ್ಟ್ ಸಲ ಓಗಿದ್ದೆ ಅಂತಾರೆ.” ಹುಲ್ಲಿನ ಕಟ್ಟನ್ನು ಪಕ್ಕಕ್ಕೆ ಸರಿಸಿದರು. “ಓಗಿದ್ದೀನಿ. ತಮ್ಮ ಲಾರಿ ಅತ್ತುದ್ರೆ ತಿಂಗ್ಳು ಬರಾಕಿಲ್ಲ. ಆ ಎಣ್ಮಗ ಒಬ್ಳೇ ಎಷ್ಟ್ ಅಂತ ನೋಡ್ಕತಾಳೆ. ಅವ್ಳು ಅತ್ಲಾಗ್ ಓದಾಗ ಇತ್ಲಾಗಿಂದ ಓಗಿ ನೀರು ಕಟ್ಬುಟ್ಟು ಬತ್ತೀನಿ. ಅವ್ಳಿಗೂ ಗೊತ್ತಿಲ್ಲ.”

“ಒಳ್ಳೆಯದೇ ಮಾಡಿದ್ದೀರಲ್ಲ ಗೌಡರೇ.”

“ಊರು ಅಂಗನ್ನಾಕಿಲ್ಲ. ಗಂಡ ಊರಲ್ಲಿಲ್ದೋಳ ಗದ್ದೆಗೆ ಭಾವ ಕದ್ದು ಕದ್ದು ಯಾಕ್ ಓಯ್ತಾನೆ ಅಂತದೆ. ನಾನ್ ಕಳ್ಳ ಅಂದ್ರೆ ನಾನೊಬ್ಬ ಕೆಡ್ತೀನಿ. ಇದ್ನ ತೋರುಸುದ್ರೆ ಅವ್ಳು ಕೆಡ್ತಾಳೆ. ಅವ್ನು ಮೊದ್ಲೇ ಸಿಟ್ಟಿನ್ ಆಸಾಮಿ.”

ಅವರು ಮತ್ತೆ ಹುಲ್ಲು ಬಿಡಿಸತೊಡಗಿದರು. ಬೈದಿದ್ದರೆ ನಿಂತುಕೊಳ್ಳಬಹುದಿತ್ತು. ಅವರು ಬೈಯಲಿಲ್ಲ. ನಾನು ಎರಡೂ ಪ್ರಿಂಟುಗಳನ್ನು ಎತ್ತಿಕೊಂಡು ಬಂದು, ಡಾರ್ಕ್‌ರೂಮಿನ ಒಲೆಗೆ ಹಾಕಿ ಡೆವಲಪರಿಗೆ ನೀರು ಕಾಯಿಸಿದೆ.

ಎರಡು ದಿನ ಬೇರೆ ಕೆಲಸ ಮುಟ್ಟಲಿಲ್ಲ. ನಿಜ ಹೇಳಿದರೆ ಆಕೆಯ ಮಾನ ಹೋಗುತ್ತದೆ. ಸುಮ್ಮನಿದ್ದರೆ ಇವರದು ಹೋಗುತ್ತದೆ. ಚಿತ್ರದಲ್ಲಿ ಬಗ್ಗಿರುವ ಮನುಷ್ಯ ಅಲ್ಲಿ ಇರಲೇ ಇಲ್ಲ ಎಂದಾದರೆ ಮಾತ್ರ ಇಬ್ಬರೂ ಉಳಿಯುತ್ತಾರೆ. ಅವರು ಅಲ್ಲಿದ್ದರು ಎಂದು ಹೇಳಿದವನು ನಾನೇ. ಇರಲಿಲ್ಲ ಎಂದರೆ ಜನ ನಂಬುವುದಾದರೂ ನನ್ನ ಮಾತನ್ನೇ.

ಜೋಡಣೆಯ ಜಾಗವನ್ನು ಬದಲಿಸಲು ಕೂತೆ. ಈ ಸಲ ನಾಲ್ಕನೆಯ ತುಂಡನ್ನು ಬದುವಿನ ಹತ್ತಿರ ಕತ್ತರಿಸದೆ ಬಲ ಅಂಚಿನವರೆಗೂ ಉಳಿಸಿಕೊಂಡು, ಇನ್ನೂ ಆಚೆಯ ಕಬ್ಬಿನ ಗದ್ದೆಯ ಅಂಚಿನಲ್ಲಿ ಐದನೆಯದಕ್ಕೆ ಸೇರಿಸಬೇಕು. ಲೆನ್ಸಿನ ಅಂಚಿನ ಭಾಗವಾದ್ದರಿಂದ ಅಲ್ಲಿ ಬೆಳಕು ಕಡಿಮೆ, ಗೆರೆಗಳು ಒಂಚೂರು ಎಳೆದ ಹಾಗೆ. ಕಬ್ಬಿನ ಸಾಲು ಎರಡು ತುಂಡಿನಲ್ಲೂ ಒಂದಕ್ಕೊಂದು ಕೂಡಲಿಲ್ಲ. ಎನ್‌ಲಾರ್ಜರಿನ ಹಲಗೆಯ ಒಂದು ಬದಿಗೆ ಬೆಂಕಿಪೊಟ್ಟಣ ಕೊಟ್ಟು ಓರೆ ಮಾಡಿ ಪ್ರಿಂಟು ಹಾಕಿದೆ, ಆಗ ಕೂಡಿತು. ಆದರೆ ಆಕಾಶ ಮತ್ತೆ ಪಟ್ಟೆಯಾಯಿತು. ಎಷ್ಟು ತಿದ್ದಿದರೂ ಪೂರ್ತಿ ಹೋಗಲಿಲ್ಲ. ಹೋಗುವುದೂ ಬೇಡ ಎಂದು ಆಮೇಲೆ ಅನ್ನಿಸಿತು. ನಾನು ಹೇಳಲಿದ್ದ ಮಾತಿಗೆ ಕೆಟ್ಟ ಜೋಡಣೆಯೇ ಒಳ್ಳೆಯದು.

ಬದುವಿನ ನಡುವಿನ ಬಿಳಿ ಎಳೆಯನ್ನು ಮುಚ್ಚಲು ಬ್ರಷ್ಷು ಅದ್ದಿ, ಕಾಗದದವರೆಗೂ ತಂದು, ಕೈ ಹಿಂದಕ್ಕೆ ತೆಗೆದುಕೊಂಡೆ. ಅದು ಇರಲಿ ಎಂದುಕೊಂಡೆ. ಬದು ತಾನಾಗಿ ಸೋರುತ್ತಿದೆ, ಗೌಡರು ದೂರದಲ್ಲಿ ಬೆನ್ನು ಮಾಡಿ ನಿಂತಿದ್ದಾರೆ. ನೋಡುವವರು ನೋಡಿಕೊಳ್ಳಲಿ.

ಗೌಡರ ತಮ್ಮ ಊರಿಗೆ ಬರುವ ಮೊದಲೇ, ಡೇರಿಯ ಸಭೆ ಇದ್ದ ದಿನ ಬೆಳಿಗ್ಗೆ ಹೋಗಿ ಹಳೆಯ ಚಿತ್ರವನ್ನು ಇಳಿಸಿ ಹೊಸದನ್ನು ಏರಿಸಿದೆ. ಅಧ್ಯಕ್ಷರು, ಮೀಸೆಯ ಹಿರಿಯರು, ಇನ್ನೂ ಹತ್ತಾರು ಜನ ಇದ್ದರು. ಎಲ್ಲರ ಮುಂದೆ ನಿಂತು ಹೇಳಿದೆ.

“ಅವತ್ತು ನಾನು ಹೇಳಿದ್ದು ಸುಳ್ಳು. ಜೋಡಿಸಿದ ಜಾಗದಲ್ಲಿ ಪ್ರಿಂಟು ಕಲೆಯಾಗಿತ್ತು. ಕಾಣದಿರಲಿ ಅಂತ ಪಕ್ಕದಲ್ಲಿದ್ದ ಗೌಡರನ್ನು ನೋಡಿಕೊಂಡು ಬ್ರಷ್ಷಿನಲ್ಲಿ ಇನ್ನೊಬ್ಬರನ್ನು ಬರೆದೆ. ನಿಂತ ಹಾಗೆ ಬರೆಯಲು ಜಾಗವಿರಲಿಲ್ಲ, ಬಗ್ಗಿದ ಹಾಗೆ ಬರೆದೆ. ನೀವೆಲ್ಲ ನಕ್ಕಾಗ ಮರ್ಯಾದೆ ಹೋಗುತ್ತದೆ ಅಂತ ಕತೆ ಕಟ್ಟಿದೆ. ಅಲ್ಲಿ ಯಾರೂ ಇರಲಿಲ್ಲ.”

“ಬ್ರಷ್ಷಲ್ ಬರ್ದಿದ್ದಾ?” ಅಂದರು ಅಧ್ಯಕ್ಷರು. “ಅಲ್ಲ ಕಣಯ್ಯ, ಇಲ್ದಿರೋ ಆಳ್ನ ಬರ್ದು, ಅವ್ರೇ ಅಂತ ಕೋಲ್ ಇಡ್ಕಂಡ್ ಬೇರೆ ತೋರುಸ್ದಲ್ಲ.”

ಆಚಾರ್ರೇ ಎನ್ನುತ್ತಿದ್ದವರು ಅವತ್ತಿನಿಂದ ಏಕವಚನಕ್ಕೆ ಇಳಿದರು. ಮೀಸೆಯ ಹಿರಿಯರು ಹೊಸ ಚಿತ್ರದ ಹತ್ತಿರ ಹೋಗಿ ಬಹಳ ಹೊತ್ತು ನೋಡಿದರು. “ಬದು ಸೋರ್ತಾ ಅದೆ ಇಲ್ಲಿ,” ಅಂದರು ಮೆಲ್ಲಗೆ. “ಏಡಿ ತೋಡಿರ್ಬೇಕು.” ಆಮೇಲೆ ನನ್ನ ಕಡೆ ತಿರುಗಿ, “ಒಬ್ಬ ಮನ್ಸನ್ನ ವಾರ್ಗಟ್ಲೆ ತಲೆ ತಗ್ಗಿಸ್ಕಂಡು ತಿರ್ಗೋ ಅಂಗೆ ಮಾಡ್ಬುಟ್ಯಲ್ಲೋ,” ಅಂದರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಾನು ತಲೆ ತಗ್ಗಿಸಿಯೇ ನಿಂತಿದ್ದೆ, ನಟಿಸಬೇಕಾಗಿ ಬರಲಿಲ್ಲ.

ನ್ಯಾಯ ಸೇರಲಿಲ್ಲ. ದೊಡ್ಡಗೌಡರು ಮತ್ತೆ ಡೇರಿಗೆ ಹಾಲು ಹಾಕತೊಡಗಿದರು ಎಂದು ಕೇಳಿದೆ. ನನ್ನ ಹೆಸರು ಮಾತ್ರ ಸುತ್ತಲ ಊರುಗಳಲ್ಲಿ ಹರಡಿತು. ಪಾಸ್‌ಪೋರ್ಟ್ ಫೋಟೊಗೆ ಬಂದವರು, ಇಲ್ಲದ ಮೀಸೆ ಬರೆದುಬಿಟ್ಟಾನು ನೋಡಿಕೋ ಎಂದು ನನ್ನೆದುರಿಗೇ ನಗಾಡುತ್ತಿದ್ದರು. ದೇವಲಾಪುರದ ಒಂದು ಮದುವೆಯವರು ಗೊತ್ತು ಮಾಡಿದ್ದನ್ನು ಬಿಡಿಸಿ ಕೆ.ಆರ್. ಪೇಟೆಯ ಸ್ಟುಡಿಯೋದವರನ್ನು ಕರೆದರು. ಅಪ್ಪ ಹಲಗೆಯ ಆ ಕಡೆಯಿಂದ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಒಂದು ದಿನವೂ ಏನೂ ಕೇಳಲಿಲ್ಲ.

ಗುರುಗಳಿಗೂ ಸುದ್ದಿ ಮುಟ್ಟಿತ್ತು. ಕಾಗದ ತರಲು ಶ್ರೀರಂಗಪಟ್ಟಣಕ್ಕೆ ಹೋದಾಗ, ಕೂತುಕೋ ಎನ್ನಲಿಲ್ಲ.

“ನಾನು ಆಕಾಶ ನೋಡ್ತಾ ಇದ್ದೆ. ನೀನು ಕೆಳಗೆ ಬೊಂಬೆ ಬರ್ದು ಕೂರ್ಸಿದ್ದೆ,” ಅಂದರು. “ಕೆಟ್ಟ ಪ್ರಿಂಟು ತಂದಿದ್ರೆ ತಿದ್ತಿದ್ದೆ. ಇನ್ಮೇಲೆ ನನ್ನ ಹತ್ರ ಕಲ್ತೆ ಅಂತ ಎಲ್ಲೂ ಹೇಳ್ಬೇಡ.”

ಅವರಿಗಾದರೂ ನಿಜ ಹೇಳಿಬಿಡಬೇಕೆಂದು ನಾಲಿಗೆಯ ತುದಿಯವರೆಗೂ ಬಂತು. ಅವರ ಸ್ಟುಡಿಯೋದ ಬೆಂಚಿನ ಮೇಲೆ ಚಿನಕುರಳಿ ಕಡೆಯ ಇಬ್ಬರು ಕೂತಿದ್ದರು. ನಮಸ್ಕಾರ ಮಾಡಿ ಹೊರಗೆ ಬಂದೆ. ಅವರು ತೀರಿಕೊಳ್ಳುವವರೆಗೂ ಆ ಮಾತು ಹೇಳಲು ಆಗಲಿಲ್ಲ. ಈಗ ಇದನ್ನು ಬರೆಯುವುದರಿಂದ ಯಾರಿಗೂ ಕೆಡುಕಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಊರಿನ ಹೆಸರನ್ನು ಮಾತ್ರ ಈಗಲೂ ಬರೆಯಲಾರೆ.

ಮಾರನೆಯ ವರ್ಷ ನಾಟಿ ಮುಗಿದ ಮೇಲೆ ಒಂದು ಮಧ್ಯಾಹ್ನ ಒಬ್ಬಾಕೆ ಸ್ಟುಡಿಯೋಗೆ ಬಂದಳು. ಡೇರಿಯಲ್ಲಿ ತನ್ನ ಹೆಸರಿಗೇ ಸದಸ್ಯತ್ವ ಮಾಡಿಸಬೇಕು, ಅದಕ್ಕೆ ಫೋಟೊ ಬೇಕು ಅಂದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡ ರೀತಿಯಿಂದ ಗುರುತು ಸಿಕ್ಕಿತು. ದೊಡ್ಡಗೌಡರ ತಮ್ಮನ ಹೆಂಡತಿ. ನಾನು ಸ್ಟೂಲು ತೋರಿಸಿ, ದೀಪಗಳನ್ನು ಸರಿಮಾಡುವ ನೆಪದಲ್ಲಿ ಬೆನ್ನು ತಿರುಗಿಸಿದೆ.

ಅವಳು ಕೂತು, ಸೆರಗು ಸರಿಮಾಡಿಕೊಂಡು, ಕ್ಯಾಮೆರಾದ ಕಡೆ ನೋಡುತ್ತಲೇ ಹೇಳಿದಳು.

“ನೀವು ಬ್ರಷ್ಷಲ್ ಬರ್ದ ಆಳು ಬದು ಚೆನ್ನಾಗ್ ಕಟ್ತಾನೆ ಸ್ವಾಮಿ. ಈ ವರ್ಸ್ವೂ ಬಂದಿದ್ದ.”

ನಾನು ಕ್ಯಾಮೆರಾದ ಹಿಂದೆ ಬಗ್ಗಿ ನಿಂತೆ. ಗಾಜಿನಲ್ಲಿ ಅವಳ ಮುಖ ಸ್ಪಷ್ಟವಾಗಲು ಬಹಳ ಹೊತ್ತು ಹಿಡಿಯಿತು.

“ಗಲ್ಲ ಸ್ವಲ್ಪ ಮೇಲೆತ್ತಿ,” ಅಂದೆ.

ಅವಳು ಎತ್ತಿದಳು.